ಪಾಳಿ ತಪ್ಪಿದ ಟಪಾಲಪ್ಪ

ಸತ್ತೇಹೋಯಿತೆಂದು ಎಲ್ಲರೂ ಎಳ್ಳುನೀರು ಬಿಟ್ಟಿದ್ದ ಉಪಗ್ರಹವೊಂದು ಸೋಮವಾರ ಬೆಳಿಗ್ಗೆ, ಶಾಲ್ಮಲಾ ಕಚೇರಿಯ ಕ್ಯಾಂಟೀನಿನಲ್ಲಿ ಹಚ್ಚಿದ ಅವಲಕ್ಕಿಯ ಮೊದಲ ಚಮಚ ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ಎದ್ದು ಕೂತು ಮಾತಾಡಿತು. ಮಾತೆಂದರೆ ಅಂಥ ದೊಡ್ಡದೇನಲ್ಲ. 'ನಾನು ಇದ್ದೇನೆ. ನನಗೆ ಗೊತ್ತಿರುವ ಕೊನೆಯ ಬದಲಾವಣೆ ಇದು. ಇದರ ಮುಂದಿನವು ಎಲ್ಲಿ?' ಎಂದು ಕೇಳಿತು, ಅಷ್ಟೇ. ಮಧ್ಯಾಹ್ನ ಒಂದು ಜೊಂಪು ನಿದ್ದೆ ತೆಗೆದು ಎದ್ದವರು ಚಹಾ ಎಲ್ಲಿ ಎಂದು ಕೇಳುವ ಹಾಗೆ! ನಡುವೆ ನಲವತ್ತೈದು ವರ್ಷ ಕಳೆದುಹೋಗಿವೆ ಎಂಬುದರ ಪರಿವೆಯೇ ಅದಕ್ಕಿರಲಿಲ್ಲ.

ಶಾಲ್ಮಲಾ ಕೆಲಸ ಮಾಡುತ್ತಿದ್ದದ್ದು ಧಾರವಾಡದ ನಾಮಭಂಡಾರದಲ್ಲಿ. ರಾಜ್ಯದಲ್ಲಿರುವ ಪ್ರತಿಯೊಬ್ಬರೂ ಯಾರು, ಯಾರ ಮಗಳು, ಯಾರ ಗಂಡ, ಎಲ್ಲಿರುತ್ತಾರೆ, ಏನೆಂದು ಕರೆಯಬೇಕು ಎಂಬುದೆಲ್ಲ ಅಲ್ಲಿನ ಯಂತ್ರದಲ್ಲಿತ್ತು. ಮನೆಯ ಬಾಗಿಲು ತೆಗೆಯುವುದು, ಬಸ್ಸು ಹತ್ತುವುದು, ದವಾಖಾನೆಯಲ್ಲಿ ಹೆಸರು ಕೂಗುವುದು, ಎಲ್ಲಾ ಅದನ್ನು ಕೇಳಿಯೇ. ಆದರೆ ದೂರದ ಇಂಡಿ ತಾಲೂಕಿನ ಬಾಗಿಲೊಂದು ಪ್ರತಿ ಸಲ ಧಾರವಾಡವನ್ನು ಕೇಳುತ್ತ ಕೂತರೆ ಕೆಲಸ ಕೆಟ್ಟಂತೆಯೇ. ನಡುವೆ ತಂತಿ ಕಡಿದರೆ ಮನೆಯವರು ಬೀದಿಪಾಲು. ಅದಕ್ಕೇ ಪ್ರತಿ ತಾಲೂಕಿಗೂ ಭಂಡಾರದ ಒಂದೊಂದು ನಕಲು ಇಟ್ಟಿದ್ದರು. ತಿದ್ದುವುದು ಮಾತ್ರ ಧಾರವಾಡದಲ್ಲೇ. ಹುಟ್ಟು, ಸಾವು, ಮದುವೆ, ಮನೆ ಬದಲು, ಎಲ್ಲವೂ ಮೊದಲು ಮೂಲದಲ್ಲಿ ದಾಖಲಾಗಬೇಕು. ಆಮೇಲೆ ಅದು ನಕಲುಗಳಿಗೆ ಹೋಗಬೇಕು.

ಹಾಗೆ ಹೊತ್ತುಕೊಂಡು ಹೋಗುವುದಕ್ಕೇ ಒಂದು ಪ್ರೋಗ್ರಾಮು ಇತ್ತು. ಪರದೆಯ ಮೇಲೆ ಮುಖ ತೋರಿಸುವ ಪೈಕಿ ಅಲ್ಲ ಅದು. ಯಾರೂ ಕರೆಯದೆ, ಯಾರಿಗೂ ಹೇಳದೆ ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ಓಡುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಮಾರುದ್ದದ ಹೆಸರಿದ್ದರೂ ಕಚೇರಿಯವರು ಅದನ್ನು ಟಪಾಲಪ್ಪ ಎನ್ನುತ್ತಿದ್ದರು. ಟಪಾಲಪ್ಪ ಭಾರೀ ನೇಮದ ಮನುಷ್ಯ. ಮೂಲದಲ್ಲಿ ಒಂದು ಬದಲಾವಣೆ ಆಯಿತೋ, ಅದನ್ನೊಂದು ಚೀಟಿಯಾಗಿ ಬರೆದುಕೊಂಡು ಎಲ್ಲಾ ನಕಲುಗಳ ಬಾಗಿಲಿಗೂ ಮುಟ್ಟಿಸುತ್ತಾನೆ. ಒಂದು ಬಾಗಿಲು ಮುಚ್ಚಿದ್ದರೆ ಅದರ ಚೀಟಿಗಳನ್ನು ಗಂಟು ಕಟ್ಟಿಟ್ಟುಕೊಂಡು ಕಾಯುತ್ತಾನೆ. ತೆಗೆದಾಗ ಮೊದಲಿನದು ಮೊದಲು, ಆಮೇಲಿನದು ಆಮೇಲೆ, ಪಾಳಿ ತಪ್ಪುವಂತಿಲ್ಲ. ಹಿಂದೆ ಒಮ್ಮೆ ಯಾರೋ ಜಾಣರು ಅವನ ಪಾಳಿ ಕೆಡಿಸಿ, ಸತ್ತವನೊಬ್ಬ ಮರುವಾರ ಮದುವೆಯಾದ ಪ್ರಸಂಗವನ್ನು ಕಚೇರಿಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ.

ಟಪಾಲಪ್ಪನ ಇನ್ನೊಂದು ಗುಣವೂ ಇತ್ತು. ಅವನು ಒಯ್ಯುವುದು ಹೊಸದನ್ನು ಮಾತ್ರ. 'ಇವಳ ಹೆಸರು ಇನ್ನು ಮುಂದೆ ಇದು' ಎಂದು ಹೇಳುತ್ತಾನೆಯೇ ಹೊರತು, ಮೊದಲು ಏನಿತ್ತು ಎಂಬುದು ಅವನ ಚೀಟಿಯಲ್ಲಿ ಇರುವುದಿಲ್ಲ. ಬದಲಾದ ಮೇಲೆ ಹಳೆಯದನ್ನು ಇಟ್ಟುಕೊಳ್ಳಬಾರದೆಂದು ಕಾನೂನೇ ಇದ್ದದ್ದರಿಂದ ಮೂಲದಲ್ಲೂ ಅದು ಉಳಿಯುತ್ತಿರಲಿಲ್ಲ. ಯಾರ ಹಿಂದಿನದನ್ನೂ ಯಾರೂ ಕೆದಕಬಾರದು ಎಂಬ ಒಳ್ಳೆಯ ಉದ್ದೇಶದ ಕಾನೂನು ಅದು.

ಭೂಮಿಯ ಮೇಲಿನವೆಲ್ಲ ಸುಟ್ಟುಹೋದರೆ ಗತಿಯೇನು ಎಂದು ಹೆದರಿ, ಭಂಡಾರ ಶುರುವಾದ ಹೊಸದರಲ್ಲಿ ಒಂದು ನಕಲನ್ನು ಆಕಾಶಕ್ಕೆ ಕಳಿಸಿದ್ದರು. ಅದೇ ಈ ಉಪಗ್ರಹ. ಹೋದ ಸ್ವಲ್ಪ ದಿನಕ್ಕೇ ಬ್ಯಾಟರಿ ಕೆಟ್ಟು ಅದು ಬಾಯಿ ಮುಚ್ಚಿತು. ಈಗ ಒಳಗೆ ಯಾವುದೋ ತುಂಡಾದ ತಂತಿ ಮತ್ತೆ ತಾಗಿಕೊಂಡಿರಬೇಕು. ಬಿಸಿಲು ಬಿದ್ದಾಗ ಎಚ್ಚರ, ನೆರಳಿಗೆ ಹೋದಾಗ ನಿದ್ದೆ. ಎಚ್ಚರವಿದ್ದಷ್ಟು ಹೊತ್ತು ಟಪಾಲಪ್ಪ ತನ್ನ ಹಳೇ ಗಂಟು ಬಿಚ್ಚಿ ನಲವತ್ತೈದು ವರ್ಷದ ಚೀಟಿಗಳನ್ನು ಒಂದೊಂದಾಗಿ ಕೊಡಲು ಶುರುಮಾಡಿದ. ಎಲ್ಲಾ ಮುಗಿದು ತಾನು ಇವತ್ತಿನ ದಿನಕ್ಕೆ ಬರುವ ತನಕ ಉಪಗ್ರಹ ಯಾರ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಅರ್ಧ ಹಳತು ಅರ್ಧ ಹೊಸತು ಹೇಳಿ ಮಂದಿಯನ್ನು ದಾರಿ ತಪ್ಪಿಸಬಾರದಲ್ಲ.

ಆದರೆ ಆ ಗಂಟಿನಲ್ಲಿ ಅಲ್ಲಲ್ಲಿ ಒಂದೆರಡು ಚೀಟಿ ಉದುರಿಹೋಗಿದ್ದವು. ಒಂದು ಹೊಸ ಬಡಾವಣೆ ಹುಟ್ಟಿದ ಚೀಟಿ ಕಳೆದಿದ್ದರೆ, ಆ ಬಡಾವಣೆಗೆ ಮನೆ ಬದಲಿಸಿದವರ ಚೀಟಿಯನ್ನು ಉಪಗ್ರಹ ಒಪ್ಪುತ್ತಿರಲಿಲ್ಲ. 'ಅಂಥ ಬಡಾವಣೆ ನನ್ನಲ್ಲಿಲ್ಲ. ಈ ಮನುಷ್ಯನ ವಿಷಯದಲ್ಲಿ ನನ್ನಲ್ಲಿರುವುದು ಇಷ್ಟು' ಎಂದು ತನ್ನ ಹಳೆಯ ದಾಖಲೆಯನ್ನೇ ಲಗತ್ತಿಸಿ ವಾಪಸು ಕಳಿಸುತ್ತಿತ್ತು. ಅಯ್ಯೋ, ಆ ವಾಪಸಾದ ಚೀಟಿಗಳು! ಅವನ್ನು ಸರಿಪಡಿಸಿ ಮತ್ತೆ ಕಳಿಸುವುದು ಶಾಲ್ಮಲಾಳ ಕೆಲಸ. ಆದರೆ ಎರಡನೇ ದಿನಕ್ಕೇ ಇಡೀ ಕಚೇರಿ ಅವಳ ಮೇಜಿನ ಸುತ್ತ ನೆರೆಯತೊಡಗಿತು.

"ಓದ್ರಿ ಅಕ್ಕಾ, ಇನ್ನೊಂದು ಓದ್ರಿ!"

"ವಿಳಾಸ: ಟೈಪಿಂಗ್ ಕ್ಲಾಸಿನ ಮಾಳಗಿ ಮ್ಯಾಲೆ, ಬಸ್ ಸ್ಟ್ಯಾಂಡ್ ಎದುರು, ಗದಗ."

ಯಾರೋ ಹೋ ಎಂದು ಕೂಗಿದರು. ಈಗ ವಿಳಾಸವೆಂದರೆ ಒಂದು ಅಂಕಿ, ಅಷ್ಟೇ. ಟಾಕೀಸಿನ ಹಿಂದೆ, ಸೋಡಾ ಅಂಗಡಿ ಬಾಜೂಕ, ಬೇವಿನ ಗಿಡದ ಮನೆ ಎಂದೆಲ್ಲ ಬರೆದಿದ್ದನ್ನು ಕೇಳಿ ನಡುಹರೆಯ ದಾಟಿದವರ ಕಣ್ಣು ಒದ್ದೆಯಾದವು. ಟಾಕೀಸು ಯಾವುದು, ಸೋಡಾ ಎಲ್ಲಿ ಸಿಗುತ್ತಿತ್ತು ಎಂದು ಚಿಕ್ಕವರು ಕೇಳಿದರು. ಹೇಳುತ್ತ ಹೇಳುತ್ತ ಊಟದ ಹೊತ್ತು ಮೀರಿತು.

ಮನೆಯಲ್ಲಿ ಮಾತ್ರ ಊಟದ ಹೊತ್ತೆಂದರೆ ಶಾಲ್ಮಲಾಳಿಗೆ ದಿನವೂ ಒಂದು ಹೋರಾಟ.

"ರುಕ್ಮಿಣಿಬಾಯಿಯವರೇ, ಊಟಕ್ಕೆ ಬನ್ನಿ" ಎಂದು ಗೋಡೆಯ ಮನೆದನಿ ಕರೆಯಿತು. ಮನೆದನಿ ಎಂದರೆ ಔಷಧಿಯ ಹೊತ್ತು, ಊಟದ ಹೊತ್ತು ನೆನಪಿಸುವ ಯಂತ್ರ. ಭಂಡಾರದಲ್ಲಿ ಯಾರಿಗೆ ಯಾವ ಹೆಸರಿದೆಯೋ ಆ ಹೆಸರು ಹಿಡಿದು ಅದು ಮಾತಾಡಿಸುತ್ತಿತ್ತು.

ಅವ್ವ ಹೊರಗಿನ ಕೋಣೆಯಲ್ಲಿ ಸೆರಗು ಹೊದ್ದು ಕುರ್ಚಿಯ ತುದಿಗೆ ಕೂತಿದ್ದಳು. ಪರಿಚಯವಿಲ್ಲದ ಬೀಗರ ಮನೆಗೆ ಬಂದವರು ಕೂರುವಂತೆ. ಮರೆವು ಅವಳನ್ನು ಹಿಡಿದು ಎರಡು ವರ್ಷವಾಗಿತ್ತು. ಈ ಊಟದ ಹಟ ಶುರುವಾದದ್ದು ಮಾತ್ರ ಈಚೆಗೆ.

"ಅವ್ವಾ, ಏಳು, ಊಟ ಮಾಡೂಣು."

"ನನ್ನ ಎಲ್ಲಿ ಕರದಾರವಾ? ಯಾರೋ ರುಕ್ಮಿಣಿಬಾಯಿ ಅಂತ, ಆಕಿನ್ನ ಕರೀಲಿಕ್ಕೆ ಹತ್ಯಾರ. ಪಾಪ, ಆಕಿ ಎಲ್ಲಿ ಹೋಗ್ಯಾಳೋ ಏನೋ, ಸ್ವಲ್ಪ ನೋಡು ಹೋಗು."

"ನೀನ ಅವ್ವಾ ರುಕ್ಮಿಣಿ."

"ಚ್ಯಾಷ್ಟಿ ಮಾಡಬ್ಯಾಡ" ಎಂದು ಅವ್ವ ನಕ್ಕಳು.

"ಹಂಗಾರ ನಿನ್ನ ಹೆಸರೇನು? ನೀನ ಹೇಳಿಬಿಡು."

"ಇದೊಂದು ಛಂದ ಆತು! ಮಂದಿ ಮನ್ಯಾಗ ಕೂತು, ನನ್ನ ಹೆಸರು ಇಂಥಾದ್ದದ, ನನಗ ಊಟಕ್ಕ ಕರೀರಿ ಅಂತ ನಾನ ಹೇಳಿಕೋಬೇಕೇನು? ಕರಿಯೋರಿಗೆ ಗೊತ್ತಿರತದ. ಕರದ್ರ ಬರ್ತೀನಿ."

ಶಾಲ್ಮಲಾಳ ಗಂಡ ವಾದಿರಾಜ ಮನೆಯಲ್ಲೇ ಕೂತು ಕೆಲಸ ಮಾಡುವವನು. ಮಧ್ಯಾಹ್ನವೆಲ್ಲ ತಟ್ಟೆ ಹಿಡಿದು ಅತ್ತೆಯ ಹಿಂದೆ ಸುತ್ತಿ ಸೋತಿದ್ದ. ಬಲವಂತ ಮಾಡಿದರೆ ಅವಳು ದಾಕ್ಷಿಣ್ಯಕ್ಕೆ ಎರಡು ತುತ್ತು ತಿಂದು, "ಸಾಕ್ರಿ, ಕರೀದ ಮನ್ಯಾಗ ಉಂಡ್ಲು ಅಂದಾರು" ಎಂದು ಕೈ ತೊಳೆಯುತ್ತಿದ್ದಳು. ಬಳೆಗಳು ಮೊಣಕೈಗೆ ಜಾರತೊಡಗಿದ್ದವು. ಹೀಗೇ ಮುಂದುವರಿದರೆ ದವಾಖಾನೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಅದನ್ನೂ ಈ ಶರೀರ ಬಹಳ ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ರುಕ್ಮಿಣಿ ಎಂಬುದು ಅವ್ವನ ಹುಟ್ಟುಹೆಸರಲ್ಲ ಎಂದು ಶಾಲ್ಮಲಾಳಿಗೆ ಗೊತ್ತಿತ್ತು. ಅವ್ವನ ಕಾಲಕ್ಕೆ ಅವರಂಥ ಮನೆತನಗಳಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಿಸುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯಬೇಕು. ಗಂಡನ ಹೆಸರು ಪಾಂಡುರಂಗ, ಆದ್ದರಿಂದ ಹೆಂಡತಿ ರುಕ್ಮಿಣಿ. ಅಲ್ಲಿಗೆ ಮುಗಿಯಿತು, ಹಳೆಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು, ಸೋದರಮಾವಂದಿರೂ ಇಲ್ಲ, ಪ್ರಮಾಣಪತ್ರಗಳೆಲ್ಲ ಹೊಸ ಹೆಸರಿಗೆ ಬದಲಾಗಿದ್ದವು. ಅವ್ವನನ್ನು ಅವ್ವ ಎಂದೇ ಕರೆದು ಬೆಳೆದ ಮಗಳಿಗೆ ಆ ಹೆಸರು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಈಗ ಹೊಳೆದರೆ ಹೇಳುವವರಿಲ್ಲ.

ಬುಧವಾರ ಬೆಳಿಗ್ಗೆ ವಾಪಸು ಬಂದ ಒಂದು ಚೀಟಿಯಲ್ಲಿ 'ಗಂಡ: ಇಲ್ಲ' ಎಂದಿತ್ತು. ಹಳೆಯ ದಾಖಲೆಯಲ್ಲಿ ಆ ಹೆಂಗಸಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಶಾಲ್ಮಲಾ ಅದನ್ನು ಓದಿ ಪಕ್ಕಕ್ಕಿಟ್ಟಳು. ಮರುಕ್ಷಣ ಅದನ್ನೇ ಮತ್ತೆ ಕೈಗೆತ್ತಿಕೊಂಡಳು. ಉಪಗ್ರಹ ಬಾಯಿ ಮುಚ್ಚಿದ್ದು ಮಾಘದಲ್ಲಿ, ಅವ್ವನ ಮದುವೆ ಅದರ ಮುಂದಿನ ವೈಶಾಖದಲ್ಲಿ. ಅಂದರೆ ಆ ಮೇಲಿನ ನಕಲಿನಲ್ಲಿ ಅವ್ವ ಇನ್ನೂ ತವರುಮನೆಯಲ್ಲಿದ್ದಾಳೆ! ಅವಳ ನಿಜವಾದ ಹೆಸರು ಲೋಕದಲ್ಲಿ ಅದೊಂದೇ ಕಡೆ ಉಳಿದಿದೆ! ಕುಣಿಯುವಷ್ಟು ಸಂತೋಷವಾಗಿ, ಟಪಾಲಪ್ಪ ಎಲ್ಲಿಗೆ ಬಂದಿದ್ದಾನೆಂದು ನೋಡಿದಳು. ಚೈತ್ರದ ಚೀಟಿಗಳು ಮುಗಿಯುತ್ತ ಬಂದಿದ್ದವು. ಇವತ್ತು ಮಧ್ಯಾಹ್ನ ಉಪಗ್ರಹಕ್ಕೆ ಬಿಸಿಲು ಬಿದ್ದಾಗ ಅವನು ವೈಶಾಖದ ಗಂಟಿಗೆ ಕೈ ಹಾಕುತ್ತಾನೆ. 'ಇವಳ ಹೆಸರು ಇನ್ನು ಮುಂದೆ ರುಕ್ಮಿಣಿ' ಎಂಬ ಚೀಟಿ ಕೊಟ್ಟುಬಿಡುತ್ತಾನೆ. ಆಮೇಲೆ ದೇವರೇ ಬಂದರೂ ಆ ಹೆಸರು ಸಿಗುವುದಿಲ್ಲ.

ಉಪಗ್ರಹವನ್ನು ಕೇಳೋಣವೆಂದರೆ ಅದು ಉತ್ತರ ಕೊಡುವುದಿಲ್ಲ. ಅದರ ಬಾಯಿ ಬಿಡಿಸುವುದಕ್ಕೆ ಇದ್ದದ್ದು ಒಂದೇ ದಾರಿ: ಅದು ಒಪ್ಪದ ಚೀಟಿ ಕೊಡಬೇಕು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅಪ್ಪ ಅವ್ವ ಧಾರವಾಡದ ಕೆಲಗೇರಿಯ ಆಚೆ ಹೊಸ ಬಡಾವಣೆಗೆ ಬಂದಿದ್ದರು. ಮದುವೆಯ ಚೀಟಿಗಿಂತ ಮೊದಲು ಈ ಮನೆ ಬದಲಿನ ಚೀಟಿ ಕೊಟ್ಟರೆ, ಅಂಥ ಬಡಾವಣೆ ತನ್ನಲ್ಲಿಲ್ಲ ಎಂದು ಉಪಗ್ರಹ ಸಿಡುಕಿ, ತನ್ನಲ್ಲಿರುವ ದಾಖಲೆ ಲಗತ್ತಿಸಿ ವಾಪಸು ಕಳಿಸುತ್ತದೆ. ಟಪಾಲಪ್ಪನ ಪಾಳಿ ಒಂದೇ ಒಂದು ಸಲ ತಪ್ಪಿಸಬೇಕು. ಅದಕ್ಕೆ ಬಿರಾದಾರ ಸಾಹೇಬರ ಕೀಲಿ ಬೇಕು.

ಹಣಮಂತರಾಯ ಬಿರಾದಾರರು ಇಂಡಿ ಕಡೆಯವರು, ವಿಭಾಗದ ಮುಖ್ಯಸ್ಥರು, ಆ ವರ್ಷ ನಿವೃತ್ತಿಯಾಗಬೇಕಾದವರು. ಶಾಲ್ಮಲಾ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ತಲಿ ಕೆಟ್ಟೈತೇನ್ರೀ ಬಾಯಾರ? ಪಾಳಿ ಕೆಡಿಸೂದೊಂದು, ಹಳೇ ಹೆಸರು ಬೇಕಂತ ಕೆದಕೂದೊಂದು. ಎರಡರಾಗ ಒಂದು ಮಾಡಿದ್ರೂ ನೌಕರಿ ಹೋಗತೈತಿ. ನಿಮ್ಮದಷ್ಟ ಅಲ್ಲ, ನಂದೂ."

"ಗೊತ್ತದ ಸಾಹೇಬರ."

"ಗೊತ್ತಿದ್ದೂ ಕೇಳಾಕತ್ತೀರಿ."

"ನಮ್ಮವ್ವ ಉಣವಲ್ಲಳ್ರೀ. ಕರೀಲಿ ಅಂತ ಕೂತಾಳ. ಏನಂತ ಕರೀಬೇಕೋ ನನಗ ತಿಳೀವಲ್ಲದು" ಎನ್ನುವಷ್ಟರಲ್ಲಿ ಶಾಲ್ಮಲಾಳ ದನಿ ಒಡೆಯಿತು. ಕಚೇರಿಯಲ್ಲಿ ಅಳಬಾರದೆಂದು ಅಂದುಕೊಂಡೇ ಬಂದಿದ್ದಳು, ಆಗಲಿಲ್ಲ.

ಬಿರಾದಾರರು ಕಿಟಕಿಯ ಕಡೆ ತಿರುಗಿದರು.

"ನಮ್ಮವ್ವ ಆ ಉಪಗ್ರಹದಾಗ ಇನ್ನೂ ಜೀವಂತ ಅದಾಳ್ರೀ" ಎಂದರು. "ನಾ ಸಾಲಿ ಕಲಿಯೂ ಹೊತ್ತಿಗೆ ಹ್ವಾದಾಕಿ. ಅದು ಎಚ್ಚರ ಆದ ದಿನದಿಂದ ನನಗ ಅದ ಧ್ಯಾಸ. ಅಲ್ಲಿ ಆಕಿ ಇಂಡ್ಯಾಗ ನಮ್ಮ ಮನ್ಯಾಗ ಕುಂತಾಳ, ಆಕಿ ಹೆಸರಿನ ಮುಂದ ನನ್ನ ಹೆಸರು ಐತಿ. ಇನ್ನೊಂದೆರಡು ವಾರಕ್ಕ ಟಪಾಲಪ್ಪ ಹೋಗಿ ಆಕಿನ್ನ ಅಳಿಸಿ ಬರ್ತಾನ. ಗಂಟಿನೊಳಗಿಂದ ಆ ಚೀಟಿ ತಗದು ಕಿಸೇದಾಗ ಇಟ್ಕೊಂಡ್ರ ಹ್ಯಾಂಗ ಅಂತ ನಿನ್ನೆ ಕುಂತು ವಿಚಾರ ಮಾಡಾಕತ್ತಿದ್ದೆ. ಇಟ್ಕೊಂಡು ಏನು ಮಾಡ್ಲಿ? ಕರದ್ರ ಆಕಿ ಓ ಅನ್ನಂಗಿಲ್ಲ."

ಕೀಲಿಯನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದರು.

"ನಿಮ್ಮವ್ವ ಓ ಅಂತಾಳ. ತಗೋರಿ."

ಮಧ್ಯಾಹ್ನ ಉಪಗ್ರಹಕ್ಕೆ ಬಿಸಿಲು ತಾಗಿತು. ಶಾಲ್ಮಲಾ ಸಾಹೇಬರ ಕೀಲಿ ತಿರುಗಿಸಿ ಟಪಾಲಪ್ಪನನ್ನು ತಡೆದು ನಿಲ್ಲಿಸಿದಳು. ಗಂಟಿನ ತಳದಿಂದ ಮನೆ ಬದಲಿನ ಚೀಟಿಯನ್ನು ಮೇಲಕ್ಕೆ ತಂದಳು, ವೈಶಾಖದ ಚೀಟಿಗಳನ್ನು ಅದರ ಹಿಂದೆ ಸರಿಸಿದಳು. ಗಡಿಬಿಡಿಯಲ್ಲಿ ಎರಡು ಸಲ ತಪ್ಪು ಗುಂಡಿ ಒತ್ತಿದಳು. ಬಿರಾದಾರರು ಹಿಂದೆ ನಿಂತು "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಚೀಟಿ ಹೋಯಿತು. ಮೇಲೆ ಉಪಗ್ರಹ ಅದನ್ನು ಓದಿ, ಒಲ್ಲೆನೆಂದು ತಲೆಯಾಡಿಸಿ, ವಾಪಸು ಎಸೆಯಿತು.

'ಅಂಥ ಬಡಾವಣೆ ನನ್ನಲ್ಲಿಲ್ಲ. ನನ್ನಲ್ಲಿರುವುದು: ಹೆಸರು ಕುಮುದಾ. ಮನೆಯಲ್ಲಿ ಕರೆಯುವುದು ಕುಮ್ಮಿ. ವಿಳಾಸ ನೇಕಾರರ ಓಣಿ, ಖಣದ ಅಂಗಡಿ ಮೇಲೆ, ಗುಳೇದಗುಡ್ಡ. ಗಂಡ: ಇಲ್ಲ. ಮಕ್ಕಳು: ಇಲ್ಲ.'

"ಕುಮುದಾ" ಎಂದರು ಬಿರಾದಾರರು ಮೆಲ್ಲಗೆ. "ಕುಮ್ಮಿ."

ಶಾಲ್ಮಲಾ ಚೀಟಿಗಳನ್ನು ಮತ್ತೆ ಅವುಗಳ ಪಾಳಿಗೆ ಹಚ್ಚಿ ಟಪಾಲಪ್ಪನನ್ನು ಬಿಟ್ಟಳು. ಅವನು ಏನೂ ಆಗದವನಂತೆ ವೈಶಾಖದ ಗಂಟು ಬಿಚ್ಚಿದ. ನೋಡುತ್ತಿದ್ದಂತೆಯೇ ಅವ್ವನ ಚೀಟಿಯೂ ಹೋಯಿತು, ಉಪಗ್ರಹ ಮರುಮಾತಿಲ್ಲದೆ ಅದನ್ನು ಒಪ್ಪಿಕೊಂಡಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕೊನೆಯ ಎರಡು ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದವು. ಮಕ್ಕಳು: ಇಲ್ಲ. ಆ ಹೆಸರಿರುವ ಹುಡುಗಿಗೆ ಶಾಲ್ಮಲಾ ಎಂಬ ಮಗಳಿಲ್ಲ. ಇಷ್ಟು ದಿನ ಅವ್ವ ಏನು ಮರೆತರೂ, ಮಲಗುವಾಗಲಾದರೂ ಒಮ್ಮೊಮ್ಮೆ ಅವಳ ಕೆನ್ನೆ ಸವರಿ "ನನ್ನ ಕೂಸು" ಎನ್ನುತ್ತಿದ್ದಳು. ಹಾಗೆ ಅನ್ನುವವಳು ರುಕ್ಮಿಣಿ. ಕುಮ್ಮಿಯನ್ನು ಕರೆದರೆ ರುಕ್ಮಿಣಿ ಹೋಗಿಬಿಟ್ಟರೆ? ಕರೆಯದೆ ಇದ್ದರೆ ಇಬ್ಬರೂ ಹೋಗುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾಕವ್ವ ಅಳ್ತೀ ಎಂದು ಕೇಳಿದಾಗ ಏನೂ ಇಲ್ಲ ಎಂದಳು.

ವಾದಿರಾಜ ಭಕ್ಕರಿ, ಬದನೇಕಾಯಿ ಎಣ್ಣೆಗಾಯಿ, ಮೊಸರು ಎಲ್ಲಾ ಬಡಿಸಿಟ್ಟಿದ್ದ. ಮನೆದನಿ "ರುಕ್ಮಿಣಿಬಾ..." ಎಂದು ಶುರುಮಾಡಿತ್ತು, ಶಾಲ್ಮಲಾ ಹೋಗಿ ಅದರ ಬಾಯಿ ಮುಚ್ಚಿಸಿದಳು. ಹೊರಗಿನ ಕೋಣೆಯಲ್ಲಿ ಅವ್ವ ಎಂದಿನಂತೆ ಕುರ್ಚಿಯ ತುದಿಗೆ ಕೂತು ಬಾಗಿಲು ನೋಡುತ್ತಿದ್ದಳು. ಮಗಳನ್ನು ಕಂಡು ಸಣ್ಣಗೆ ನಕ್ಕಳು. ಗುರುತು ಹಿಡಿದ ನಗೆಯೋ, ಬರೀ ಮರ್ಯಾದೆಯ ನಗೆಯೋ ತಿಳಿಯಲಿಲ್ಲ. ಶಾಲ್ಮಲಾ ಹತ್ತಿರ ಹೋಗಿ, ಸುಮ್ಮನೆ ಒಮ್ಮೆ ಅವ್ವನ ಕೈ ಹಿಡಿದುಕೊಂಡು ನಿಂತಳು. ಆಮೇಲೆ ಒಳಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಕುಮ್ಮೀ!"

ದನಿ ಹೊರಗಿನ ಕೋಣೆಗೆ ಮುಟ್ಟಲಿಲ್ಲ. ಮತ್ತೆ ಕರೆದಳು.

"ಕುಮ್ಮೀ, ಊಟಕ್ಕ ಬಾ!"

"ಓ! ಬಂದೆ, ಬಂದೆ!" ಎಂದು ಅವ್ವ ಎದ್ದಳು. ಕುರ್ಚಿ ಹಿಡಿಯಲಿಲ್ಲ, ಗೋಡೆ ಹಿಡಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಒಳಗೆ ಬಂದಳು. "ಎಷ್ಟೊತ್ತಿಗೆ ಕರೀತೀರ್ವಾ! ಹೊಟ್ಟಿ ಹಸದು ಸತ್ತೆ ನಾನು."

ಕೈ ತೊಳೆದು ಕೂತಳು. ಭಕ್ಕರಿ ಮುರಿದಳು, ಎಣ್ಣೆಗಾಯಿ ಹಚ್ಚಿಕೊಂಡಳು, ತಿಂದಳು. ಇನ್ನೊಂದು ಭಕ್ಕರಿ ಕೇಳಿ ಹಾಕಿಸಿಕೊಂಡಳು. ವಾದಿರಾಜ ಮೊಸರಿನ ಗಡಿಗೆ ಹಿಡಿದವನು ಹಾಗೇ ನಿಂತುಬಿಟ್ಟಿದ್ದ. ಶಾಲ್ಮಲಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಮೊಸರನ್ನಕ್ಕೆ ಬಂದಾಗ ಅವ್ವ ತಲೆಯೆತ್ತಿ ಅವಳನ್ನು ಪೂರಾ ನೋಡಿದಳು.

"ನೀ ಯಾರವಾ? ನಮ್ಮ ಓಣ್ಯಾಗ ನಿನ್ನ ನೋಡಿಲ್ಲಲ್ಲ."

ಗೊತ್ತಿದ್ದೇ ಕರೆದಿದ್ದಳು. ಕಣ್ಣೊರೆಸಿಕೊಂಡು ಅವ್ವನ ಎದುರಿಗೆ ಕೂತಳು.

"ನನ್ನ ಹೆಸರು ಶಾಲ್ಮಲಾ."

"ಶಾಲ್ಮಲಾ" ಎಂದು ಅವ್ವ ನಿಧಾನವಾಗಿ ಅಂದಳು. ಮತ್ತೊಮ್ಮೆ ಅಂದಳು. "ಇಂಥಾ ಹೆಸರು ನಾ ಕೇಳೇ ಇಲ್ಲ. ಏನು ಹಂಗಂದ್ರ?"

"ಧಾರವಾಡದಾಗ ಹುಟ್ಟೋ ಹೊಳಿ ಹೆಸರದು."

"ಭಾಳ ಛಂದ ಅದ." ಅವ್ವ ಆ ಕಡೆ ಈ ಕಡೆ ನೋಡಿ, ಗುಟ್ಟು ಹೇಳುವ ಗೆಳತಿಯಂತೆ ಅವಳ ಕಡೆ ಬಾಗಿದಳು. "ಯಾರ ಮುಂದೂ ಹೇಳಬ್ಯಾಡ ಮತ್ತ. ಮುಂದ ನನಗೊಂದು ಹೆಣ್ಣು ಕೂಸು ಹುಟ್ಟಿದ್ರ, ಇದ ಹೆಸರು ಇಡ್ತೀನಿ ನೋಡು."

ಶಾಲ್ಮಲಾ ಅವ್ವನ ತಾಟಿಗೆ ಇನ್ನೊಂದು ಸೌಟು ಮೊಸರು ಹಾಕಿದಳು.

"ಇಡು ಕುಮ್ಮಿ" ಎಂದಳು. "ಇಡು."